ಅರ್ಧ ಮದ್ದಿನ ತೋಟಾಗಳು

ಚಲನಚಿತ್ರದಲ್ಲಿ ಬಂದೂಕು ಸಿಡಿದಾಗ ನೋಡುವವರೆಲ್ಲ ನಟನ ಮುಖವನ್ನು ನೋಡುತ್ತಾರೆ. ನನ್ನ ಕಣ್ಣು ಇಂದಿಗೂ ಬಂದೂಕಿನ ಬಲಮಗ್ಗುಲಿಗೇ ಹೋಗುತ್ತದೆ: ಸುಟ್ಟ ತೋಟಾದ ಖಾಲಿ ಹಿತ್ತಾಳೆ ಸರಿಯಾಗಿ ಹೊರಕ್ಕೆ ಹಾರಿತೇ, ಅದರ ಹಿಂದೆಯೇ ಮುಂದಿನ ತೋಟಾ ಒಳಸೇರಿತೇ ಎಂದು. ಪಶ್ಚಿಮ ಲಂಡನ್ನಿನ ಒಂದು ಕೈಗಾರಿಕಾ ಬಡಾವಣೆಯಲ್ಲಿ, ಚಲನಚಿತ್ರಗಳಿಗೆ ಬಂದೂಕುಗಳನ್ನು ಬಾಡಿಗೆಗೆ ಕೊಡುವ ಶಸ್ತ್ರಾಗಾರವೊಂದರಲ್ಲಿ, ತೊಂಬತ್ತರ ದಶಕದ ನಡುವಿನಿಂದ ಮುಂದಿನ ದಶಕದ ಕೊನೆಯವರೆಗೆ ನಾನು ತೋಟಾ ತುಂಬುವ ಕೆಲಸ ಮಾಡಿದೆ. ಮಣಿಕಟ್ಟಿನ ನೋವು ಹೆಚ್ಚಾದದ್ದರಿಂದ ಅವಧಿಗೆ ಮುನ್ನವೇ ನಿವೃತ್ತಳಾದೆ.

ಈ ಕಸುಬಿಗೆ ಈಗ ಸೇರುತ್ತಿರುವ ತರುಣ ತರುಣಿಯರು ಆಗಾಗ ನನ್ನನ್ನು ಕಾಣಲು ಬರುತ್ತಾರೆ. ಅವರ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಅರೆ ಸ್ವಯಂಚಾಲಿತ ರೈಫಲ್ಲಿಗೆ ಕಾರ್ಖಾನೆಯಿಂದ ಬಂದ ತೋಟಾ ಒಳ್ಳೆಯದೋ, ಕೈಯಿಂದ ತುಂಬಿದ್ದೋ? ಈ ಪ್ರಶ್ನೆಗೆ ಒಂದು ಸಾಲಿನ ಉತ್ತರವನ್ನು ಕೊಡುವವರನ್ನು ನಂಬಬೇಡಿ ಎಂದಷ್ಟೇ ನಾನು ಹೇಳುತ್ತೇನೆ. ಉಳಿದದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಇಂಗ್ಲಿಷಿನಲ್ಲಿ ನಡೆದ ಮಾತುಗಳನ್ನು ಓದುವವರ ಅನುಕೂಲಕ್ಕಾಗಿ ಕನ್ನಡದಲ್ಲಿಯೇ ಕೊಟ್ಟಿದ್ದೇನೆ.

ನಾನು ಧಾರವಾಡದ ಪ್ರೌಢಶಾಲೆಯೊಂದರಲ್ಲಿ ಕನ್ನಡ ವ್ಯಾಕರಣ ಕಲಿಸುತ್ತಿದ್ದವಳು. ಯಜಮಾನರಿಗೆ ಲಂಡನ್ ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿ ಕೆಲಸ ಸಿಕ್ಕಿದ್ದರಿಂದ ಅದರ ಪಕ್ಕದ ಫೆಲ್ಥಮ್‌ಗೆ ಬಂದು ನೆಲೆಸಿದೆವು. ವೆಂಬ್ಲಿಯಲ್ಲಿ ಕನ್ನಡಿಗರೆಲ್ಲ ಸೇರಿದ್ದ ಯುಗಾದಿಯ ಊಟದಲ್ಲಿ ನನ್ನ ಪಕ್ಕದ ಎಲೆಗೆ ಕುಳಿತವರು ಕುಂದಾಪುರದ ಗಿರಿಜಾ. ಅವರು ಆ ಶಸ್ತ್ರಾಗಾರದಲ್ಲಿ ಆಗಲೇ ಕೆಲಸಕ್ಕಿದ್ದರು.

"ನಮ್ಮಲ್ಲಿ ಇನ್ನೊಬ್ರು ಬೇಕಂತೆ ಟೀಚರೇ," ಎಂದರು. "ಕೈ ನಡುಗ್ಬಾರ್ದು, ಬಾಯಿ ಹೆಚ್ಚು ಆಡ್ಬಾರ್ದು. ಮೊದಲ್ನೇದು ನಿಮ್ಗೆ ಸುಲಭ ಕಾಣ್ತದೆ."

ಮನೆಗೆ ಬಂದು ಹೇಳಿದಾಗ ಯಜಮಾನರು ದಿನಪತ್ರಿಕೆಯನ್ನು ಮಡಿಸಿಟ್ಟು ನನ್ನನ್ನು ನೋಡಿದರು. "ಅಲ್ಲಾ, ಸಮಾಸ ಬಿಡಿಸೋದು ಬಿಟ್ಟು ಈಗ ಮದ್ದು ತುಂಬ್ಲಿಕ್ಕೆ ಹೊಂಟೀಯೇನು?"

"ಹೂಂ. ಅದು ಸಿಡೀತಿರಲಿಲ್ಲ, ಇದು ಸಿಡೀತದ. ಅಷ್ಟ ಫರಕು."

"ನಿನ್ನ ಕ್ಲಾಸಿನ್ಯಾಗ ಕೂತವರನ್ನ ಕೇಳಬೇಕು, ಸಿಡೀತಿತ್ತೋ ಇಲ್ಲೋ ಅಂತ," ಎಂದು ಅವರು ಮತ್ತೆ ಪತ್ರಿಕೆ ಬಿಚ್ಚಿದರು.

ಸಂದರ್ಶನ ನಡೆಸಿದವರು ಅಲ್ಲಿನ ಮುಖ್ಯಸ್ಥರಾದ ವಾಲ್ಟರ್ ಪೆಲ್. ಸೈನ್ಯದ ಶಸ್ತ್ರಾಗಾರದಲ್ಲಿ ಕೆಲಸ ಮಾಡಿ ಬಂದಿದ್ದ, ಎತ್ತರದ, ಬಾಗಿದ ಬೆನ್ನಿನ ಮನುಷ್ಯ. ಅರ್ಹತಾ ಪತ್ರಗಳನ್ನು ಅವರು ತೆರೆದೂ ನೋಡಲಿಲ್ಲ.

"ಬೇಸರದ ಕೆಲಸವನ್ನು ಬೇಸರ ಇಲ್ಲದೆ ಎಷ್ಟು ಕಾಲ ಮಾಡಬಲ್ಲಿರಿ, ಮಿಸೆಸ್ ಕುಲಕರ್ಣಿ?"

"ಒಂಬತ್ತನೆಯ ತರಗತಿಯ ಹುಡುಗರಿಗೆ ವರ್ಷ ವರ್ಷವೂ ಅದೇ ಸಂಧಿಗಳನ್ನು ಕಲಿಸಿದ್ದೇನೆ," ಎಂದೆ. ಸಂಧಿ ಎಂದರೇನೆಂದು ಅವರಿಗೆ ವಿವರಿಸಬೇಕಾಯಿತು. ಎರಡು ಪದಗಳು ಕೂಡುವಲ್ಲಿ ಅಕ್ಷರ ಬದಲಾಗುತ್ತದೆ, ಆ ಬದಲಾವಣೆಗೆ ನಿಯಮವಿದೆ, ಪ್ರತಿ ವರ್ಷವೂ ಹುಡುಗರು ಅದೇ ನಿಯಮವನ್ನು ಅದೇ ಜಾಗದಲ್ಲಿ ತಪ್ಪುತ್ತಾರೆ ಎಂದೆ.

"ಸೋಮವಾರ ಬನ್ನಿ," ಎಂದರು. "ನೈಲಾನ್ ಬೇಡ. ಹತ್ತಿ ಬಟ್ಟೆ ಮಾತ್ರ. ಬಳೆ ಮನೆಯಲ್ಲಿಟ್ಟು ಬನ್ನಿ."

ಕಸುಬಿನ ಮೂಲ ಪಾಠವನ್ನು ನನಗೆ ಕಲಿಸಿದವರೂ ಅವರೇ. ಚಿತ್ರೀಕರಣದ ತೋಟಾದಲ್ಲಿ ಗುಂಡು ಇರುವುದಿಲ್ಲ. ಹಿತ್ತಾಳೆಯ ಕೊಳವೆ, ಬುಡದಲ್ಲಿ ಕಿಡಿ ಹೊತ್ತಿಸುವ ಕೇಪು, ಒಳಗೆ ಮದ್ದು, ಹೂವಿನ ಮೊಗ್ಗಿನಂತೆ ಮಡಿಸಿ ಮುಚ್ಚಿದ ಬಾಯಿ, ಇಷ್ಟೇ. ಇದನ್ನು ಬ್ಲ್ಯಾಂಕ್ ಎನ್ನುತ್ತಾರೆ. ನಿಜವಾದ ಗುಂಡಿನ ಒಂದೇ ಒಂದು ತೋಟಾ ಕೂಡ ನಮ್ಮ ಕಟ್ಟಡದ ಹೊಸ್ತಿಲು ದಾಟುವಂತಿರಲಿಲ್ಲ. ಪ್ರತಿ ಹೊಡೆತಕ್ಕೂ ಕೈಯಿಂದ ಎಳೆದು ತುಂಬುವ ಹಳೆಯ ಬಂದೂಕಿಗೆ ಬ್ಲ್ಯಾಂಕ್ ಹೇಗಿದ್ದರೂ ನಡೆಯುತ್ತದೆ. ಸದ್ದು ಬಂದರೆ ಸಾಕು. ಅರೆ ಸ್ವಯಂಚಾಲಿತ ರೈಫಲ್ಲಿನ ವಿಷಯ ಬೇರೆ. ಅಲ್ಲಿ ಒಂದು ತೋಟಾ ಸುಟ್ಟ ಹೊಗೆಯ ಒತ್ತಡವೇ ಖಾಲಿ ಹಿತ್ತಾಳೆಯನ್ನು ಹೊರಗೆಸೆದು ಮುಂದಿನ ತೋಟಾವನ್ನು ಒಳಕ್ಕೆ ಎಳೆಯಬೇಕು. ಗುಂಡು ಇಲ್ಲದಿದ್ದರೆ ಆ ಹೊಗೆ ಯಾವ ಕೆಲಸವನ್ನೂ ಮಾಡದೆ ನಳಿಗೆಯಿಂದ ಹೊರಟುಹೋಗುತ್ತದೆ. ಆದ್ದರಿಂದ ನಳಿಗೆಯೊಳಗೆ ಸಣ್ಣ ತೂತಿನ ಉಕ್ಕಿನ ಬಿಲ್ಲೆಯೊಂದನ್ನು ಕೂರಿಸಿ ಹೊಗೆಯನ್ನು ತಡೆಯುತ್ತಾರೆ. ಮದ್ದು ಹೆಚ್ಚಾದರೆ ಯಂತ್ರ ಜಜ್ಜಿಹೋಗುತ್ತದೆ, ಕಡಿಮೆಯಾದರೆ ಹಿತ್ತಾಳೆ ಅರ್ಧಕ್ಕೆ ಸಿಕ್ಕಿಕೊಳ್ಳುತ್ತದೆ. ಮದ್ದು ಮತ್ತು ಬಿಲ್ಲೆಯ ತೂತು ಒಂದಕ್ಕೊಂದು ಹೊಂದಲೇಬೇಕು. ಒಂದನ್ನು ಬದಲಿಸಿ ಇನ್ನೊಂದನ್ನು ಹಾಗೆಯೇ ಬಿಡುವಂತಿಲ್ಲ.

ಕಾರ್ಖಾನೆಯ ಬ್ಲ್ಯಾಂಕುಗಳು ಪೆಟ್ಟಿಗೆಗಟ್ಟಲೆ ಬರುತ್ತಿದ್ದವು. ಅವನ್ನು ಸೈನಿಕರ ಕವಾಯತಿಗಾಗಿ ತಯಾರಿಸುತ್ತಾರೆ. ಒಂದರಂತೆ ಇನ್ನೊಂದಿರುತ್ತದೆ, ತುಂಬುವ ಯಂತ್ರಕ್ಕೆ ಮುನಿಸಿಲ್ಲ, ಆಯಾಸವಿಲ್ಲ. ಆದರೆ ಅವುಗಳ ಸದ್ದು ಬಯಲಿನ ಆಚೆಗೂ ಕೇಳಲೆಂದು ಇಟ್ಟದ್ದು, ಬೆಂಕಿಯ ನಾಲಿಗೆ ಮಾತ್ರ ಕ್ಯಾಮೆರಾದ ಕಣ್ಣಿಗೆ ಬೀಳದಷ್ಟು ಚಿಕ್ಕದು. ನಿರ್ದೇಶಕನಿಗೆ ಬೇಕಾದದ್ದು ಇದರ ವಿರುದ್ಧ: ಕಣ್ಣಿಗೆ ಹೆಚ್ಚು, ಕಿವಿಗೆ ಕಡಿಮೆ. ಆದ್ದರಿಂದಲೇ ನಾವು ಕೈಯಿಂದ ತುಂಬುತ್ತಿದ್ದೆವು. ಪೂರ್ಣ ಮದ್ದು, ಅರ್ಧ ಮದ್ದು, ಕಾಲು ಮದ್ದು ಎಂದು ಮೂರು ಬಗೆ. ಮಡಿಸಿದ ತುದಿಯ ಮೇಲೆ ಒಂದೊಂದು ಬಣ್ಣದ ವಾರ್ನಿಷ್ ಚುಕ್ಕೆ: ಪೂರ್ಣಕ್ಕೆ ಕೆಂಪು, ಅರ್ಧಕ್ಕೆ ಹಳದಿ, ಕಾಲಿಗೆ ಹಸಿರು. "ಪೆಟ್ಟಿಗೆಯ ಮೇಲಿನ ಚೀಟಿಯನ್ನು ನಂಬಬೇಡಿ. ಚೀಟಿ ಪೆಟ್ಟಿಗೆಗೆ ಸೇರಿದ್ದು. ತೋಟಾದ ತುದಿಯನ್ನು ನೋಡಿ," ಎಂಬುದು ವಾಲ್ಟರ್ ಅವರ ಮೊದಲ ನಿಯಮ.

ಎರಡನೆಯ ನಿಯಮ ನನಗೆ ಬಹಳ ಹಿಡಿಸಿತ್ತು. ಹೊಸದಾಗಿ ತುಂಬಿದ ತೋಟಾವನ್ನು ಮೊದಲ ಸಲ ಎಲ್ಲಿ ಸಿಡಿಸಿದರೂ ತುಂಬಿದವರು ಸಿಡಿಸುವವರ ಹಿಂದೆ ನಿಂತಿರಬೇಕು. ಮೇಜಿನ ಮುಂದೆ ಕುಳಿತು ಮಾಡಿದ ಕೆಲಸದ ಅರ್ಥ ಅಲ್ಲಿ ನಿಂತಾಗ ಮೈಗೆ ತಿಳಿಯುತ್ತದೆ. ಪರೀಕ್ಷೆ ಬರೆಯುವ ಮಕ್ಕಳ ಹಿಂದೆ ಅವರ ಮೇಷ್ಟರನ್ನೂ ನಿಲ್ಲಿಸಿದ್ದರೆ ನಮ್ಮ ಶಾಲೆಗಳು ಎಷ್ಟು ಸುಧಾರಿಸುತ್ತಿದ್ದವು ಎಂದು ನಾನು ಅನೇಕ ಸಲ ಯೋಚಿಸಿದ್ದೇನೆ.

ಕೈಯಿಂದ ತುಂಬುವುದರ ಮೇಲಿನ ಅಭಿಮಾನ ನಮ್ಮನ್ನು ಒಮ್ಮೆ ಚೆನ್ನಾಗಿ ಮುಗ್ಗರಿಸುವಂತೆ ಮಾಡಿತು. ಪೂರ್ವ ಲಂಡನ್ನಿನ ಪಾಳುಬಿದ್ದ ಗ್ಯಾಸ್ ಕಾರ್ಖಾನೆಯಲ್ಲಿ ದೊಡ್ಡದೊಂದು ಯುದ್ಧದ ದೃಶ್ಯ. ಸಾಲಾಗಿ ಸೈನಿಕರು, ಎಲ್ಲರ ಕೈಯಲ್ಲೂ ಅರೆ ಸ್ವಯಂಚಾಲಿತ ರೈಫಲ್ಲು. ವಾಲ್ಟರ್ ಅವರ ಕೈಕೆಳಗಿನ ಕಾಲಿನ್ ಎಂಬ ಸಹಾಯಕ ಎಲ್ಲವನ್ನೂ ನಾವೇ ತುಂಬೋಣ, ಬೆಂಕಿ ಚೆನ್ನಾಗಿ ಕಾಣುತ್ತದೆ ಎಂದು ಹಟ ಹಿಡಿದ. ಹಳೆಯ ಹಿತ್ತಾಳೆಯನ್ನೇ ಮತ್ತೆ ಬಳಸಿದೆವು. ಒಂದು ಬಂದೂಕಿನಲ್ಲಿ ಸುಟ್ಟ ಹಿತ್ತಾಳೆ ಆ ಬಂದೂಕಿನ ಹೊಟ್ಟೆಯ ಅಳತೆಗೆ ಹಿಗ್ಗಿರುತ್ತದೆ; ಬೇರೆ ಬಂದೂಕಿಗೆ ಹೊಂದಬೇಕಾದರೆ ಪ್ರೆಸ್ಸೆಂಬ ಒತ್ತುಯಂತ್ರದಲ್ಲಿ ಬುಡದವರೆಗೂ ಒತ್ತಿ ಮೊದಲಿನ ಅಳತೆಗೆ ತರಬೇಕು. ಕಾಲಿನ್ ಪ್ರೆಸ್ಸನ್ನು ಕೂದಲೆಳೆಯಷ್ಟು ಮೇಲಕ್ಕೆ ಕೂರಿಸಿದ್ದ. ಲಿವರ್ ಹಗುರವಾಗಿ ಬೀಳುತ್ತಿತ್ತು, ಕೆಲಸ ಬೇಗ ಸಾಗುತ್ತಿತ್ತು, ಹಿತ್ತಾಳೆಯ ಬುಡ ಮಾತ್ರ ಹಿಗ್ಗಿದ ಹಾಗೆಯೇ ಉಳಿಯುತ್ತಿತ್ತು.

ದೃಶ್ಯ ಆರಂಭವಾದೊಡನೆ ಸಾಲಿನ ಅರ್ಧಕ್ಕರ್ಧ ಬಂದೂಕುಗಳು ಬಾಯಿ ತೆರೆದುಕೊಂಡು ನಿಂತವು. ಸೈನಿಕರು ಅವನ್ನು ಮೊಣಕಾಲಿಗೆ ಗುದ್ದುತ್ತಿದ್ದರು. ನಿರ್ದೇಶಕ ಧ್ವನಿವರ್ಧಕದಲ್ಲಿ, "ಇದು ಯುದ್ಧವೋ, ಕೈಕೊಟ್ಟ ಕಾರುಗಳ ಗ್ಯಾರೇಜೋ?" ಎಂದು ಕೂಗಿದ.

ವಾಲ್ಟರ್ ಸಾಲಿನ ಮುಂದೆ ಹೋಗಿ ನಿಂತರು. "ತಪ್ಪು ನಮ್ಮದು. ನಿಮ್ಮ ಹುಡುಗರನ್ನು ಬೈಯಬೇಡಿ. ಊಟ ಮುಗಿಸಿ ಬನ್ನಿ," ಎಂದರು. ವ್ಯಾನಿನಲ್ಲಿ ಮೊದಲೇ ಇಟ್ಟಿದ್ದ ಕಾರ್ಖಾನೆಯ ಪೆಟ್ಟಿಗೆಗಳನ್ನು ಇಳಿಸಿದರು, ಬಿಲ್ಲೆಗಳನ್ನು ಬದಲಿಸಿದರು. ಮಧ್ಯಾಹ್ನ ಒಂದು ಬಂದೂಕೂ ನಿಲ್ಲಲಿಲ್ಲ. ಕಾಲಿನ್ ಅನ್ನು ಅವರು ಯಾರ ಮುಂದೆಯೂ ಬೈಯಲಿಲ್ಲ. ಮರುದಿನದಿಂದ ಉಳಿದ ತೋಟಾಗಳನ್ನೆಲ್ಲ ಒಂದೊಂದಾಗಿ ಅಳತೆಯ ಕೊಳವೆಗೆ ಹಾಕಿ ನೋಡುವ ಕೆಲಸ ಅವನದಾಯಿತು. ಆ ವಾರದ ಕೊನೆಗೆ ಅವನೇ ಬಂದು, "ಮಿಸೆಸ್ ಕೆ., ಜನಜಂಗುಳಿಗೆ ಕಾರ್ಖಾನೆಯದ್ದು, ಹತ್ತಿರದ ಮುಖಕ್ಕೆ ಕೈಯದ್ದು. ಸರಿ ತಾನೆ?" ಎಂದ. ಅರ್ಧ ಉತ್ತರವನ್ನಾದರೂ ಅವನು ಸ್ವಂತ ಬೆವರಿನಿಂದ ಗಳಿಸಿದ್ದ.

ನನ್ನ ಕಾಲದಲ್ಲಿಯೇ ವಿಧಾನಗಳು ಬದಲಾದವು. ಉಸಿರು ಬಿಗಿಹಿಡಿದು ಮುಳ್ಳು ನೋಡುತ್ತಿದ್ದ ತಕ್ಕಡಿ ಹೋಗಿ ಅಂಕಿ ಬೆಳಗುವ ತಕ್ಕಡಿ ಬಂತು. ಎರಡು ಸಾವಿರದ ದಶಕ ಅರ್ಧ ಕಳೆಯುವ ಹೊತ್ತಿಗೆ ಬಂದೂಕಿನ ಬೆಂಕಿಯನ್ನು ಕಂಪ್ಯೂಟರಿನಲ್ಲಿ ಬರೆದು ಸೇರಿಸುವುದು ಸುಲಭವಾಗುತ್ತ ಬಂತು. ಹೊಸಬರು ಅದನ್ನು ಕಲಿಯಲಿ, ನನಗೆ ಅಸಮಾಧಾನವಿಲ್ಲ. ಆದರೂ ನಿಜವಾಗಿ ಸಿಡಿಯುವ ಬಂದೂಕನ್ನು ಹಿಡಿದ ನಟನ ಭುಜದಲ್ಲಿ ಮೂಡುವ ಒದೆತ ಬರೆದು ಸೇರಿಸುವಂಥದ್ದಲ್ಲ. ಇನ್ನು ಹೇಳುವ ಪ್ರಸಂಗ ಆ ಬದಲಾವಣೆಗೆ ಮುನ್ನ ನಡೆದದ್ದು. ಕಾಲಾನುಕ್ರಮಕ್ಕೆ ವಿರುದ್ಧವಾಗಿ ಅದನ್ನು ಕೊನೆಗೆ ಇಟ್ಟುಕೊಂಡಿದ್ದೇನೆ.

ಅದು ಬೇರೊಂದು ಚಿತ್ರದ್ದು. ಅದರ ಮುಖ್ಯ ಪಾತ್ರದಲ್ಲಿದ್ದವರು ರಂಗಭೂಮಿಯಿಂದ ಬಂದ ಹಿರಿಯ ನಟರೊಬ್ಬರು. ಅವರ ಹೆಸರನ್ನು ಬರೆಯುವುದಿಲ್ಲ. ಹಿರಿಯರು ಎಂದೇ ಕರೆಯುತ್ತೇನೆ. ಅವರ ಎಡಗಿವಿ ಪೂರ್ತಿ ಕಿವುಡು. ಯೌವನದಲ್ಲಿ ನಟಿಸಿದ ಯುದ್ಧದ ಚಿತ್ರವೊಂದರಲ್ಲಿ ಯಾರೋ ಕಿವಿಯ ಬಳಿ ಪೂರ್ಣ ಮದ್ದಿನ ಬ್ಲ್ಯಾಂಕ್ ಸಿಡಿಸಿದ್ದರಂತೆ. ಉಳಿದದ್ದು ಬಲಗಿವಿ, ರಂಗದ ಮೇಲಿನ ಬದುಕೆಲ್ಲ ಆ ಒಂದು ಕಿವಿಯ ಮೇಲೆ ನಿಂತಿತ್ತು. ಈಗಿನ ದೃಶ್ಯದಲ್ಲಿ ಅವರು ಕಿರಿದಾದ ಓಣಿಯಲ್ಲಿ ಗೋಡೆಗೆ ಆತು ನಿಂತು, ಎದುರಿನ ನಟಿ ಪಿಸುದನಿಯಲ್ಲಿ ಒಂದು ಮಾತು ಹೇಳಿದೊಡನೆ, ಅರೆ ಸ್ವಯಂಚಾಲಿತ ರೈಫಲ್ಲನ್ನು ಭುಜಕ್ಕೇರಿಸಿ ಸತತವಾಗಿ ನಾಲ್ಕು ಸಲ ಹೊಡೆಯಬೇಕಿತ್ತು. ಆ ಪಿಸುಮಾತು ಕೇಳಲೇಬೇಕಾದ್ದರಿಂದ ಬಲಗಿವಿಗೆ ಹತ್ತಿ ಇಡುವಂತಿಲ್ಲ. ಬಂದೂಕಿನ ಸದ್ದು ಎರಡೂ ಗೋಡೆಗಳಿಗೆ ಬಡಿದು ಬರುವುದೂ ಅದೇ ಕಿವಿಗೆ. ಬಂದೂಕು ನಡುವೆ ನಿಂತರೆ ಮತ್ತೊಂದು ಟೇಕ್, ಮತ್ತೆ ಸದ್ದು.

ಕಾರ್ಖಾನೆಯ ಬ್ಲ್ಯಾಂಕ್ ಹಾಕಿದರೆ ಬಂದೂಕು ನಿಲ್ಲುವುದಿಲ್ಲ, ಆದರೆ ಕಿವಿ ಉಳಿಯುವ ಭರವಸೆಯಿಲ್ಲ. ಅರ್ಧ ಮದ್ದು ಹಾಕಿದರೆ ಕಿವಿ ಉಳಿಯುತ್ತದೆ, ಬಂದೂಕು ನಡೆಯುವ ಭರವಸೆಯನ್ನು ನಾವು ಹುಟ್ಟಿಸಬೇಕು. ವಾಲ್ಟರ್ ವಾರವಿಡೀ ಆ ಒಂದು ರೈಫಲ್ಲಿಗಾಗಿ ಬಿಲ್ಲೆಯ ತೂತನ್ನು ಕಿರಿದು ಮಾಡುತ್ತ, ಪರೀಕ್ಷೆಯ ಸುರಂಗದಲ್ಲಿ ಹೊಡೆದು ನೋಡುತ್ತ ಇದ್ದರು. ಹೊಸ ಹಿತ್ತಾಳೆಯನ್ನು ಮಾತ್ರ ಬಳಸಿದೆವು. ಕೊನೆಗೆ ಅದು ಬೆಕ್ಕು ಹೆಜ್ಜೆಯಿಟ್ಟಂತೆ ಮೆತ್ತಗೆ ನಡೆಯತೊಡಗಿದಾಗ ಅವರ ಮುಖದಲ್ಲಿ ಕಂಡ ಸಂತೋಷವನ್ನು ನಾನು ಬೇರೆ ಯಾವ ಕಸುಬುದಾರನ ಮುಖದಲ್ಲಿಯೂ ಕಂಡಿಲ್ಲ. ಚಿತ್ರೀಕರಣಕ್ಕೆ ಬೇಕಾದ ಅರ್ಧ ಮದ್ದಿನ ತೋಟಾಗಳನ್ನು ನಾನು ಮತ್ತು ಗಿರಿಜಾ ತುಂಬಿ, ಹಳದಿ ಚುಕ್ಕೆಯಿಟ್ಟು, ಒಣಗಲು ಇಟ್ಟೆವು. ಪಕ್ಕದ ತಟ್ಟೆಯಲ್ಲಿ ದೂರದ ಹಿನ್ನೆಲೆಯ ಸೈನಿಕರಿಗಾಗಿ ಪೂರ್ಣ ಮದ್ದಿನವು ಇದ್ದವು, ಕೆಂಪು ಚುಕ್ಕೆಯೊಂದಿಗೆ.

ಚಿತ್ರೀಕರಣದ ಹಿಂದಿನ ದಿನ ಆಯುಧ ಪೂಜೆ. ಗಿರಿಜಾ ಪ್ರತಿ ವರ್ಷವೂ ವೆಂಬ್ಲಿಯ ಈಲಿಂಗ್ ರೋಡಿನ ಅಂಗಡಿಯಿಂದ ಚೆಂಡುಹೂವು ತಂದು ಪ್ರೆಸ್ಸುಗಳಿಗೆ ಪೂಜೆ ಮಾಡುತ್ತಿದ್ದರು. ವಾಲ್ಟರ್ ಅದಕ್ಕೆ ಒಂದೇ ಷರತ್ತು ಹಾಕಿದ್ದರು: ಬೆಂಕಿ ಬೇಡ.

"ದೀಪ ಇಲ್ದೆ ಪೂಜೆ ಅಂದ್ರೆ ಎಂಥದ್ದು ಮಾರಾಯ್ರೆ!" ಎಂದು ಗಿರಿಜಾ ಪ್ರತಿ ವರ್ಷವೂ ನನ್ನ ಬಳಿ ಗೊಣಗುವರು. ವಾಲ್ಟರ್ ಪ್ರತಿ ವರ್ಷವೂ ಗಂಭೀರವಾಗಿ ತಮ್ಮ ಬ್ಯಾಟರಿಯನ್ನು ತಂದು ಕೊಡುವರು. ಅದನ್ನೇ ಬೆಳಗಿ ಆರತಿ ಮುಗಿಸುತ್ತಿದ್ದೆವು. ಉಪಕರಣಗಳಿಗೆ ವರ್ಷಕ್ಕೊಮ್ಮೆ ಕೃತಜ್ಞತೆ ಹೇಳುವ ಈ ಪದ್ಧತಿಯ ಮೇಲೆ ಅವರಿಗಿದ್ದ ಗೌರವ ನಮ್ಮಲ್ಲಿ ಅನೇಕರಿಗಿಲ್ಲ. "ನಾನು ಈ ಸ್ಪ್ಯಾನರನ್ನು ಹೆಂಡತಿಗಿಂತ ಹೆಚ್ಚು ಕಾಲ ಹಿಡಿದಿದ್ದೇನೆ," ಎನ್ನುತ್ತಿದ್ದರು, "ಒಮ್ಮೆಯೂ ಥ್ಯಾಂಕ್ಸ್ ಹೇಳಿರಲಿಲ್ಲ."

ಆ ವರ್ಷವೂ ಗಿರಿಜಾ ಸ್ಪ್ಯಾನರು, ಅಳತೆಗೋಲುಗಳನ್ನೆಲ್ಲ ಒಂದು ದೊಡ್ಡ ತಟ್ಟೆಯಲ್ಲಿ ಜೋಡಿಸಿ, ಅರಿಸಿನ ಕುಂಕುಮವನ್ನು ನೀರಿನಲ್ಲಿ ಕಲಸಿ ಬೊಟ್ಟಿಟ್ಟರು. ಪೂಜೆ ಮುಗಿದ ಮೇಲೆ ನಾವೆಲ್ಲ ಟೀ ಕೋಣೆಗೆ ಅವಲಕ್ಕಿ ತಿನ್ನಲು ಹೋದೆವು. ವಾಲ್ಟರ್ ಹಿಂದೆ ಉಳಿದರು.

ನಾವು ಮರಳಿ ಬಂದಾಗ ಅವರು ಬೆರಳಿನ ತುದಿಯನ್ನು ಕರ್ಚೀಫಿನಿಂದ ಒರೆಸಿಕೊಳ್ಳುತ್ತ ನಗುತ್ತಿದ್ದರು. "ನೀವು ಮುಖ್ಯವಾದದ್ದನ್ನೇ ಮರೆತಿದ್ದಿರಿ. ನಾಳೆ ಆ ಕಿವಿಯನ್ನು ಕಾಯಬೇಕಾದವು ಇವೇ ಅಲ್ಲವೇ?"

ಒಣಗಲಿಟ್ಟ ಅರ್ಧ ಮದ್ದಿನ ತೋಟಾಗಳೆಲ್ಲದರ ತುದಿಗೂ ಕುಂಕುಮ. ಅವುಗಳ ಜೊತೆಗೆ, ಪಕ್ಕದ ತಟ್ಟೆಯವಕ್ಕೆ ಬೇಸರವಾಗಬಾರದೆಂದು, ಪೂರ್ಣ ಮದ್ದಿನ ಒಂದು ಹಿಡಿಯನ್ನೂ ಗಿರಿಜಾ ಅವರ ಪೂಜೆಯ ತಟ್ಟೆಯಲ್ಲಿ ಒಟ್ಟಿಗೆ ಇಟ್ಟು, ಬೊಟ್ಟಿಟ್ಟು, ಮತ್ತೆ ಅವವುಗಳ ತಟ್ಟೆಗೆ ಮರಳಿಸಿದ್ದರು. ಪೂರ್ತಿ ಒಣಗಿರದ ವಾರ್ನಿಷ್ ಒದ್ದೆ ಕುಂಕುಮವನ್ನು ಹೀರಿ, ಹಳದಿಯೂ ಕೆಂಪೂ ಒಂದೇ ಇಟ್ಟಿಗೆಯ ಬಣ್ಣಕ್ಕೆ ತಿರುಗಿದ್ದವು.

ಗಿರಿಜಾ ಬಾಯಿಗೆ ಸೆರಗು ಒತ್ತಿಕೊಂಡು ನನ್ನನ್ನು ನೋಡಿದರು. "ಹ್ವಾಯ್ ಟೀಚರೇ, ಇಲ್ಲಿ ಕಾಣಿ..."

ನಾನು ಏನನ್ನೂ ಹೇಳಬೇಕಾಗಲಿಲ್ಲ. ನಮ್ಮ ಮುಖವನ್ನು ನೋಡಿ ವಾಲ್ಟರ್ ತಟ್ಟೆಯತ್ತ ತಿರುಗಿದರು. ನಗು ಹಾಗೆಯೇ ಉಳಿದಿತ್ತು, ಅದರ ಹಿಂದಿನ ಮನುಷ್ಯ ಹೊರಟುಹೋಗಿದ್ದ.

"ಸರಿಯಾದ ತಟ್ಟೆಗೇ ಹಾಕಿದ್ದೇನೆ," ಎಂದರು. "ಬಹುಮಟ್ಟಿಗೆ ಖಚಿತ." ಆ ಮಾತು ತಮ್ಮ ಕಿವಿಗೇ ಬಿದ್ದಂತೆ ಮತ್ತೆ ತಟ್ಟೆಯತ್ತ ನೋಡಿದರು. "ಬಹುಮಟ್ಟಿಗೆ. ಇಲ್ಲ. ನನಗೆ ಗೊತ್ತಿಲ್ಲ."

"ತೂಕ ಮಾಡಿ ಬೇರೆ ಮಾಡ್ಬಹುದಲ್ಲ?" ಎಂದು ಗಿರಿಜಾ ಕೇಳಿದರು.

ವಾಲ್ಟರ್ ತಲೆಯಾಡಿಸಿದರು. ಒಂದು ಹಿತ್ತಾಳೆಗೂ ಇನ್ನೊಂದಕ್ಕೂ ಇರುವ ತೂಕದ ವ್ಯತ್ಯಾಸವೇ ಮದ್ದಿನ ವ್ಯತ್ಯಾಸವನ್ನು ನುಂಗಿಹಾಕುತ್ತದೆ. ಮುಚ್ಚಿದ ತೋಟಾದ ತೂಕ ಒಳಗಿನದನ್ನು ಹೇಳುವುದಿಲ್ಲ. ಎರಡೂ ತಟ್ಟೆಗಳನ್ನು ಅವರೇ ಎತ್ತಿ ನಾಶಪಡಿಸಬೇಕಾದವುಗಳ ಪೆಟ್ಟಿಗೆಗೆ ಸುರಿದರು. ವಾರವಿಡೀ ಮಾಡಿದ ಕೆಲಸ ಸದ್ದಿಲ್ಲದೆ ಮುಗಿದುಹೋಯಿತು.

ಗಿರಿಜಾ ಅವರ ಕಣ್ಣು ತುಂಬಿತ್ತು. "ನಾನು ಆ ಕುಂಕುಮ ತರ್ಲೇಬಾರ್ದಿತ್ತು ಸರ್."

"ನೀವು ಕುಂಕುಮವನ್ನು ಪ್ರೆಸ್ಸಿಗೆ ಇಟ್ಟಿರಿ. ತೋಟಾಕ್ಕೆ ಇಟ್ಟವನು ನಾನು," ಎಂದು ಅವರು ಫೋನಿನತ್ತ ನಡೆದರು.

ಚಿತ್ರದ ವ್ಯವಸ್ಥಾಪಕಿ ಫಿಯೋನಾ. ಫೋನಿನಲ್ಲಿ ಅವಳ ಧ್ವನಿ ನಮಗೂ ಕೇಳುವಷ್ಟು ಜೋರಾಗಿತ್ತು. ಓಣಿಯನ್ನು ಮುಚ್ಚಲು ಕೌನ್ಸಿಲ್ ಒಪ್ಪಿದ್ದು ನಾಳೆ ಒಂದು ದಿನಕ್ಕೆ ಮಾತ್ರ.

"ಕಾರ್ಖಾನೆಯ ಬ್ಲ್ಯಾಂಕ್ ಇಲ್ಲವೇ ನಿಮ್ಮ ಹತ್ತಿರ?"

"ಬೇಕಾದಷ್ಟಿದೆ."

"ಮತ್ತೇನು ತೊಂದರೆ?"

"ಆ ಹಿರಿಯರ ಕೈಗೆ ಅದನ್ನು ಕೊಡುವುದಿಲ್ಲ."

"ವಾಲ್ಟರ್, ನಾನು ಅವರನ್ನೇ ಕೇಳುತ್ತೇನೆ. ಅವರು ಒಪ್ಪಿದರೆ?"

"ಒಪ್ಪುತ್ತಾರೆ. ನೂರು ಜನರನ್ನು ಕಾಯಿಸುವುದಕ್ಕಿಂತ ಕಿವಿ ಕಳೆದುಕೊಳ್ಳುವುದು ವಾಸಿ ಅನ್ನುವ ಕಾಲದವರು ಅವರು. ಅದಕ್ಕೇ ಅವರನ್ನು ಕೇಳಬೇಡಿ ಅನ್ನುತ್ತಿದ್ದೇನೆ."

"ನಿಮ್ಮ ತೋಟಾಗಳಿಗೆ ಆದದ್ದಾದರೂ ಏನು?"

"ನಾನು ಅವಕ್ಕೆ ಬಣ್ಣ ಹಚ್ಚಿದೆ. ತಪ್ಪು ಬಣ್ಣ," ಎಂದರು. ಪೂಜೆಯ ಸುದ್ದಿಯನ್ನಾಗಲಿ ಗಿರಿಜಾ ಅವರ ಹೆಸರನ್ನಾಗಲಿ ಎತ್ತಲಿಲ್ಲ.

ಫೋನ್ ಇಟ್ಟ ಮೇಲೆ ಅವರು ಕುರ್ಚಿಯ ತುದಿಯಲ್ಲಿ ಕುಳಿತು ಯೋಚಿಸಿದರು. ಆ ದಿನವೇ ತುಂಬಿ ಮುಗಿಸೋಣವೆಂದು ನಾನು ಹೇಳಿದೆ. ಕೈಗಳು ಗಾಬರಿಯಲ್ಲಿರುವಾಗ ಮದ್ದಿನ ಕೋಣೆಯ ಬಾಗಿಲು ತೆರೆಯುವುದಿಲ್ಲ ಎಂದು ಅವರು ಉತ್ತರಿಸಿದರು. ನನಗೆ ಅವಮಾನವೆನಿಸಲಿಲ್ಲ, ನನ್ನ ಕೈ ನಿಜವಾಗಿಯೂ ಗಾಬರಿಯಲ್ಲಿತ್ತು. ಅನಂತರ ಅವರು ಕಂಡುಕೊಂಡ ದಾರಿ ಬಹಳ ಸರಳ. ಬೆಳಗ್ಗೆ ಓಣಿಯಲ್ಲಿ ಬೇರೆ ದೃಶ್ಯಗಳನ್ನು ತೆಗೆಯಲಿ. ನಾವು ಅದೇ ಹೊತ್ತಿಗೆ ಸಾವಧಾನವಾಗಿ, ಒಂದು ತಟ್ಟೆ ತುಂಬುವಷ್ಟಲ್ಲ, ಪರೀಕ್ಷೆಗೆ ಒಂದಿಷ್ಟು ಮತ್ತು ಮೂರು ಟೇಕುಗಳಿಗೆ ಸಾಕಾಗುವಷ್ಟು ಮಾತ್ರ ತುಂಬೋಣ. ವಾರ್ನಿಷ್ ಒಣಗಲು ಸಮಯವಿಲ್ಲ, ಬಣ್ಣವಿಲ್ಲದ ತೋಟಾ ಅಪಾಯ. ಆದ್ದರಿಂದ ನಾಳೆ ಆ ಓಣಿಗೆ ಬೇರೆ ಯಾವ ತೋಟಾವೂ ಹೋಗಕೂಡದು. ಹಿನ್ನೆಲೆಯ ಸೈನಿಕರು ಹೊಡೆಯುವುದಿಲ್ಲ. ಒಂದೇ ಬಗೆ ಇರುವಲ್ಲಿ ಗೊಂದಲಕ್ಕೆ ಎಡೆಯಿಲ್ಲ.

ನಿರ್ದೇಶಕ ಹಿನ್ನೆಲೆಯ ಗುಂಡಿನ ಸುರಿಮಳೆಯನ್ನು ಬಿಟ್ಟುಕೊಡಲು ಸುತರಾಂ ಒಪ್ಪಲಿಲ್ಲವಂತೆ. ವಾಲ್ಟರ್ ಹಾಗಾದರೆ ರೈಫಲ್ಲನ್ನೂ ಕಳಿಸುವುದಿಲ್ಲ ಎಂದರಂತೆ. ಆಮೇಲೆ ಒಪ್ಪಿದ.

ಮರುದಿನ ಬೆಳಗ್ಗೆ ನಾನು ಮದ್ದು ತೂಗಿದೆ, ಗಿರಿಜಾ ಬಾಯಿ ಮಡಿಸಿದರು. ಮಾತಿಲ್ಲ, ರೇಡಿಯೊ ಇಲ್ಲ. ಸುರಂಗದಲ್ಲಿ ವಾಲ್ಟರ್ ಹೊಡೆದರು, ನಾವಿಬ್ಬರೂ ಹಿಂದೆ ನಿಂತೆವು, ಒಂದೂ ಸಿಕ್ಕಿಕೊಳ್ಳಲಿಲ್ಲ. ಮಧ್ಯಾಹ್ನ ಮೂವರೂ ವ್ಯಾನಿನಲ್ಲಿ ನದಿಯ ದಕ್ಷಿಣಕ್ಕಿದ್ದ ಆ ಓಣಿಗೆ ಹೋದೆವು. ಉಳಿದ ತೋಟಾಗಳು ವಾಲ್ಟರ್ ಅವರ ಅಂಗಿಯ ಜೇಬಿನಲ್ಲಿ ಹಿಡಿಸುವಷ್ಟೇ ಇದ್ದವು. ಬಂದೂಕು ಅಲ್ಲಿ ನಿಂತರೆ ಹೊಸ ತೋಟಾ ತರುವ ಮಾತೇ ಇಲ್ಲ. ಕಾರ್ಖಾನೆಯದಾದರೂ ಸರಿ ಎಂದು ಹಿರಿಯರೇ ಕೇಳಿಬಿಡುತ್ತಾರೆ ಎಂಬ ಭಯ ನಮ್ಮೆಲ್ಲರಿಗೂ ಇತ್ತು.

ಹಿರಿಯರು ಮಡಿಸುವ ಕುರ್ಚಿಯಲ್ಲಿ ಕುಳಿತಿದ್ದರು. ವಾಲ್ಟರ್ ಬಲಗಡೆಗೆ ಹೋಗಿ ಬಗ್ಗಿ ಎಲ್ಲವನ್ನೂ ಹೇಳಿದರು, ಕುಂಕುಮವನ್ನೂ ಬಿಡದೆ. ಅವರು ಕೇಳಿ ಬಹಳ ಹೊತ್ತು ನಕ್ಕರು. "ನನ್ನ ಕಿವಿಗಾಗಿ ಪೂಜೆ ಮಾಡಿಸಿದಿರಾ? ನನ್ನ ಏಜೆಂಟ್ ಕೂಡ ಅಷ್ಟು ಮಾಡಿಲ್ಲ." ಅನಂತರ ಗಂಭೀರರಾದರು. "ಪ್ರತಿ ಟೇಕಿನ ನಂತರ ಪರೀಕ್ಷೆ ಮಾಡಿ. ನನ್ನ ಬೆನ್ನ ಹಿಂದಿನಿಂದ ಏನನ್ನಾದರೂ ಮೆಲ್ಲಗೆ ಹೇಳಿ, ನಾನು ಹಾಗೆಯೇ ಹೇಳುತ್ತೇನೆ. ಇಂಗ್ಲಿಷ್ ಬೇಡ. ಬದುಕೆಲ್ಲ ಕೇಳಿಸದ ಅರ್ಧವನ್ನು ಊಹೆಯಿಂದ ತುಂಬಿಕೊಂಡು ಬಂದಿದ್ದೇನೆ, ನಿಮ್ಮನ್ನು ಸುಲಭವಾಗಿ ಮೋಸಗೊಳಿಸಿಬಿಡುತ್ತೇನೆ." ನನ್ನತ್ತ ಬೆರಳು ತೋರಿದರು. "ಈ ಲೇಡಿಯ ಭಾಷೆಯಲ್ಲಿ ಹೇಳಿಸಿ. ಅದನ್ನು ಊಹಿಸಲು ಸಾಧ್ಯವಿಲ್ಲ."

ಎದುರಿನ ನಟಿ ಪಿಸುಗುಟ್ಟಿದಳು. ರೈಫಲ್ಲು ಭುಜಕ್ಕೇರಿತು. ನಾನು ಅವರ ಹಿಂದೆ ನಿಂತು ಬಲಮಗ್ಗುಲನ್ನು ಮಾತ್ರ ನೋಡುತ್ತಿದ್ದೆ. ಮೊದಲ ಹಿತ್ತಾಳೆ ಹಾರಿತು, ಎರಡನೆಯದು ಹಾರಿತು. ಮೂರನೆಯದು ಕೊಂಚ ಸೋಮಾರಿಯಾಗಿ ಹೊರಬಂತು. ನಾಲ್ಕನೆಯದು ಕಲ್ಲುಹಾಸಿನ ಮೇಲೆ ಬಿದ್ದು ಉರುಳಿತು. ಓಣಿಯ ಗೋಡೆಗಳು ಸದ್ದನ್ನು ಒಮ್ಮೆ ಮಾತ್ರ ಹಿಂದಿರುಗಿಸಿ ಸುಮ್ಮನಾದವು.

ನಿರ್ದೇಶಕ "ಕಟ್" ಎಂದ. ಹಿರಿಯರು ಗೋಡೆಯತ್ತ ಮುಖ ಮಾಡಿಯೇ ನಿಂತರು. ವಾಲ್ಟರ್ ನನ್ನ ಮೊಣಕೈಯನ್ನು ಮುಟ್ಟಿದರು. ವ್ಯಾಕರಣದ ಉದಾಹರಣೆಗಳು ನೂರಾರು ಗೊತ್ತಿದ್ದರೂ ಆ ಹೊತ್ತಿನಲ್ಲಿ ನನಗೆ ಹೊಳೆದದ್ದು ಅಂದು ಬೆಳಗ್ಗೆ ಮನೆಯಲ್ಲಿ ಆಡಿದ ಮಾತೊಂದೇ. ಅದನ್ನೇ, ಪಕ್ಕದಲ್ಲಿದ್ದವರಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದೆ:

"ಮಳಿ ಬರೂಹಂಗದ, ಅರಬಿ ಹೊರಗ ಅವ."

ಗಿರಿಜಾ ಕಣ್ಣು ಮುಚ್ಚಿಕೊಂಡರು. ಆಮೇಲೆ ರಂಗಭೂಮಿಯ ಆ ಆಳವಾದ ಧ್ವನಿ, ನಿಧಾನವಾಗಿ, ಒಂದೊಂದು ಅಕ್ಷರವನ್ನೂ ನೆಲದಿಂದ ಎತ್ತಿ ಒರೆಸಿ ಇಟ್ಟಂತೆ, ಗೋಡೆಗೆ ಹೇಳಿತು:

"ಮಳಿ ಬರೂಹಂಗದ, ಅರಬಿ ಹೊರಗ ಅವ."

ವಾಲ್ಟರ್ ಕುಳಿತುಕೊಳ್ಳಲು ಏನಾದರೂ ಇದೆಯೇ ಎಂದು ಹಿಂದೆ ಕೈಚಾಚಿದರು. ಏನೂ ಇರಲಿಲ್ಲ, ಗಿರಿಜಾ ಅವರ ಭುಜವೇ ಸಿಕ್ಕಿತು. ಹಿರಿಯರು ನಮ್ಮತ್ತ ತಿರುಗಿದರು.

"ನಾನು ಈಗ ಹೇಳಿದ್ದು ಏನು?"

"ಮಳೆ ಬರುವ ಹಾಗಿದೆ, ಒಗೆದ ಬಟ್ಟೆಗಳು ಹೊರಗೇ ಇವೆ, ಅಂದಿರಿ," ಎಂದೆ.

ಅವರು ತಲೆಯೆತ್ತಿ ಓಣಿಯ ಮೇಲಿನ ಕಪ್ಪು ಮೋಡವನ್ನು ನೋಡಿದರು. ನಿರ್ದೇಶಕನತ್ತ ತಿರುಗಿ ಇಡೀ ಓಣಿಗೆ ಕೇಳುವಂತೆ ಹೇಳಿದರು:

"ಬೇಗ ಎರಡನೇ ಟೇಕ್ ತೆಗೀರಿ. ಈಕೆ ಮನೆಗೆ ಹೋಗಬೇಕು."